ಸಾಕೆ?

ಇಳಿಹೊತ್ತಿನಲ್ಲಿ ಮನುಷ್ಯನಿಗೆ ಆಗುವದು ಹಸಿವೆಯಲ್ಲ. ಹಸಿವೆಯಾದರೆ ರೊಟ್ಟಿ ಬೇಕು, ಪಲ್ಯ ಬೇಕು, ಕಾಲು ಮಡಿಸಿ ಕೂಡ್ರಬೇಕು. ಇಳಿಹೊತ್ತಿನ ಬೇಡಿಕೆಯೇ ಬೇರೆ. ಹೊಟ್ಟೆಯು ಸುಮ್ಮನಿರುತ್ತದೆ, ನಾಲಗೆಯು ಚೂರು ಖಾರವನ್ನೂ ಮನಸ್ಸು ಯಾರದಾದರೊಂದು ಮಾತನ್ನೂ ಅರಸುತ್ತಿರುತ್ತವೆ. ನಮ್ಮ ಮೋಟೆಬೆನ್ನೂರಿನಲ್ಲಿ ಈ ಬೇಡಿಕೆಯು ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿಗೇ ಈಡೇರುತ್ತದೆ. ಬಾಣಲಿಯಲ್ಲಿ ಮಿರ್ಚಿ ಭಜಿ ಉಬ್ಬುತ್ತಿರುತ್ತವೆ. ಪಕ್ಕದಲ್ಲಿ ಮಂಡಕ್ಕಿಗೆ ಹುಣಸೆಹುಳಿಯ ಒಗ್ಗರಣೆ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಪುಠಾಣಿ ಹಿಟ್ಟು ಉದುರಿಸಿ ಗಿರಮಿಟ್ಟು ಮಾಡುತ್ತಿರುತ್ತಾರೆ. ನಾಲ್ವರು ಸೇರಿ ಎರಡು ಪ್ಲೇಟು ಭಜಿ ತರಿಸುವದು, ಮೆಣಸಿನಕಾಯಿಯ ಧಾರಣೆಯಿಂದ ಹಿಡಿದು ದಿಲ್ಲಿಯ ರಾಜಕಾರಣದ ವರೆಗೆ ಮಾತಾಡುವದು, ಅರ್ಧ ಕಪ್ಪು ಚಹಾ ಕುಡಿದು ಏಳುವದು. ಇದಕ್ಕೆ ನಾವು ಯಾವ ಹೆಸರನ್ನೂ ಇಟ್ಟಿಲ್ಲ. ದಿನವೂ ನಡೆಯುವದಕ್ಕೆ ಹೆಸರಿನ ಅವಶ್ಯಕತೆಯಾದರೂ ಏನು?

ಆದರೆ ಲೋಕದಲ್ಲಿ ಅದಕ್ಕೊಂದು ಹೆಸರುಂಟೆಂಬದು ಕೆಲವು ತಿಂಗಳ ಕೆಳಗೆ ಬೆಂಗಳೂರಿಗೆ ಹೋದಾಗ ನನಗೆ ತಿಳಿಯಿತು. “ಹ್ಯಾಪಿ ಅವರ್” ಎಂದು ಒಂದು ಜಪಾನೀ ಉಪಾಹಾರಗೃಹದ ಬಾಗಿಲಲ್ಲಿ ಹಲಗೆಯನ್ನು ತೂಗಹಾಕಿದ್ದರು. ಸಂಜೆ ಐದರಿಂದ ಏಳರ ವರೆಗೆ ಅಲ್ಲಿ ಸಣ್ಣ ಸಣ್ಣ ತಾಟುಗಳಲ್ಲಿ ಕೊಡುವ ತಿನಿಸುಗಳಿಗೂ, ‘ಸಾಕೆ’ ಎಂಬ ಅವರ ಅಕ್ಕಿಯ ಮದ್ಯಕ್ಕೂ ಬೆಲೆಯನ್ನು ಇಳಿಸಿರುತ್ತಾರೆ. ಎರಡು ತಾಸಿಗೆ ಒಂದು ತಾಸೆಂದು ಹೆಸರಿಟ್ಟದ್ದು ಯಾವ ಲೆಕ್ಕವೋ, ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಖಾತೆ ಬರೆದ ನನಗೆ ತಿಳಿಯಲಿಲ್ಲ. ಈ ಹೆಸರು ಮೊದಲಿಗೆ ಮದ್ಯದಂಗಡಿಯದಲ್ಲವಂತೆ. ಸುಮಾರು ನೂರು ವರ್ಷಗಳ ಕೆಳಗೆ ಅಮೇರಿಕೆಯ ನೌಕಾದಳದವರು ತಮ್ಮ ಹಡಗುಗಳ ಮೇಲೆ ಖಲಾಸಿಗಳ ಬೇಸರ ಕಳೆಯಲಿಕ್ಕೆ ಮುಷ್ಟಿಯುದ್ಧ, ಹಾಡು, ಚಲಚ್ಚಿತ್ರಗಳನ್ನು ಏರ್ಪಡಿಸುತ್ತಿದ್ದ ಹೊತ್ತಿಗೆ ಆ ಹೆಸರಿತ್ತು. ಮದ್ಯದಂಗಡಿಗಳು ಅದನ್ನು ಎತ್ತಿಕೊಂಡದ್ದು ಆಮೇಲೆ. ನಾನು ಅದನ್ನು ‘ಸುಖದ ತಾಸು’ ಎಂದು ಕನ್ನಡಿಸಿಕೊಂಡೆನು. ಆ ತಾಸಿನಲ್ಲಿ ನಾನು ಮಾಡಿದ ಒಂದು ಕೆಲಸವು ಸರಿಯೋ ತಪ್ಪೋ ಎಂಬದು ಇನ್ನೂ ನನಗೆ ಪೂರ್ತಿಯಾಗಿ ಬಗೆಹರಿದಿಲ್ಲ. ಬಗೆಹರಿದಷ್ಟನ್ನು ವಾಚಕರ ಮುಂದೆ ಇಡುತ್ತೇನೆ.

ನಮ್ಮ ಮನೆಯ ಸಂಗತಿಯನ್ನು ಮೊದಲು ಹೇಳದೆ ಇದು ಅರ್ಥವಾಗದು. ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಊರು. ೧೯೩೦ರಲ್ಲಿ ಮಹಾತ್ಮರು ಸಾಬರಮತಿಯಿಂದ ದಂಡಿಗೆ ನಡೆದಾಗ ಅವರ ತಂಡದಲ್ಲಿ ನಡೆದ ಕನ್ನಡದ ತರುಣರು ಅವರು. ಆಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಬಲಿಯಾದರು. ಆಗ ನನ್ನ ತಂದೆಗೆ ಹನ್ನೆರಡೋ ಹದಿಮೂರೋ ವರ್ಷ. ಅಂದು ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲವೆಂದು ಅವರು ಹೇಳುತ್ತಿದ್ದರು. ಆ ಕಾಲದ ಚಳವಳಿಯಲ್ಲಿ ಉಪ್ಪಿನಂತೆಯೇ ಪಾನನಿರೋಧವೂ ಒಂದು ವ್ರತವಾಗಿತ್ತು. ಸಿಂದಿಯ ಗಿಡಗಳನ್ನು ಕಡಿದು, ಅಂಗಡಿಗಳ ಮುಂದೆ ಅಡ್ಡನಿಂತು, ಸೆರೆಯನ್ನು ಬಿಡಿಸಲಿಕ್ಕೆಂದು ಜನರು ಸೆರೆಗೆ ಹೋದರು. ನನ್ನ ತಂದೆಯವರು ಆ ಗಾಳಿಯಲ್ಲಿ ಬೆಳೆದವರು. ಅವರ ನೇಮವು ಮೂರು ಎಳೆಯದು: ಕುಡಿಯಬಾರದು, ಕುಡಿಯುವವನ ಪಂಕ್ತಿಯಲ್ಲಿ ಕೂಡ್ರಬಾರದು, ಕುಡಿಯುವವನಿಗೆ ಕೈಯಾರೆ ಕೊಡಬಾರದು.

ನಮ್ಮ ಧಾರವಾಡ ಜಿಲ್ಲೆಯು ಮುಂಬಯಿಗೆ ಸೇರಿದ್ದಾಗ ೧೯೪೯ರ ಪಾನನಿರೋಧದ ಕಾಯಿದೆಯು ನಮಗೂ ಇತ್ತು. ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅದು ಕೆಲವು ವರ್ಷ ನಡೆದು ೧೯೬೭ರಲ್ಲಿ ಸಡಿಲಾಯಿತು. ಸರಕಾರದ ಕಾಯಿದೆ ಸಡಿಲಾದರೂ ನಮ್ಮ ಮನೆಯ ಕಾಯಿದೆ ಸಡಿಲಾಗಲಿಲ್ಲ. ಆದರೆ ಆ ಕಿಂಡಿಯಿಂದ ಹೊಕ್ಕ ಸರಾಯಿಯು ನಮ್ಮ ಮನೆಯಲ್ಲಿಯೇ ಒಬ್ಬರನ್ನು ಹಿಡಿಯಿತು. ಅವರು ತಂದೆಯ ತಮ್ಮಂದಿರು, ನಮ್ಮ ಕಾಕಾ. ಭಜನೆಯಲ್ಲಿ ದಮ್ಮಡಿ ಹಿಡಿದರೆ ಕೂತವರು ಏಳುತ್ತಿರಲಿಲ್ಲ. ಅಂಥ ಕೈ ಅವರದು. ಎರಡು ಎಕರೆ ಹೊಲ ಹೋಯಿತು, ಕಾಕುವಿನ ಮೈಮೇಲಿನ ಬಂಗಾರ ಹೋಯಿತು. ತಂದೆಯವರು ಬೈಯಲಿಲ್ಲ, ಹೊಡೆಯಲಿಲ್ಲ, ನೇಮದಂತೆ ನಡೆದರು. ಕಾಕಾನ ತಾಟು ಅಡಿಗೆಮನೆಯಿಂದ ದನ ಕಟ್ಟುವ ಕಡೆಗೆ ಹೋಯಿತು. ಅದನ್ನು ಒಯ್ದು ಇಟ್ಟು ಬರುತ್ತಿದ್ದವನು ನಾನು. ಇಡುತ್ತಿದ್ದೆ, ತಿರುಗುತ್ತಿದ್ದೆ, ಒಂದು ದಿನವೂ ಕೂಡ್ರಲಿಲ್ಲ. ಒಂದು ಚಳಿಗಾಲದ ರಾತ್ರಿ ಅಲ್ಲಿಯೇ ಅವರು ತೀರಿಕೊಂಡರು. ನಮಗೆ ತಿಳಿದದ್ದು ಬೆಳಿಗ್ಗೆ. ಸರಾಯಿ ಅವರನ್ನು ಕೊಂದಿತೆಂದು ಎಲ್ಲರೂ ಹೇಳಿದರು. ಅದು ನಿಜವೇ ಆಗಿತ್ತು. ೨೦೦೭ರ ಜುಲೈಯಲ್ಲಿ ರಾಜ್ಯದಲ್ಲಿ ಸರಾಯಿಯು ನಿಷಿದ್ಧವಾದಾಗ ಅವರು ಹೋಗಿ ಇಪ್ಪತ್ತು ವರ್ಷಗಳಾಗಿದ್ದವು.

ಇನ್ನು ನನ್ನ ಮಗನ ಸಂಗತಿ. ಅವನು ಬಿಡದಿಯ ಮೋಟಾರು ಕಾರಖಾನೆಯಲ್ಲಿ ಕೆಲಸದಲ್ಲಿದ್ದಾನೆ. ಜಪಾನಿನ ಟೊಯೋಟಾದವರೂ ಕಿರ್ಲೋಸ್ಕರ ಮನೆತನದವರೂ ಕೂಡಿ ೧೯೯೭ರಲ್ಲಿ ಸ್ಥಾಪಿಸಿದ ಕಂಪನಿಯದು. ಕಿರ್ಲೋಸ್ಕರರೆಂದರೆ ನಮ್ಮ ಕಡೆಯವರಿಗೆ ಹೊಸಬರಲ್ಲ. ೧೯೪೧ರಲ್ಲಿ ಹರಿಹರದಲ್ಲಿ ಅವರು ತೆಗೆದ ಯಂತ್ರಗಳ ಕಾರಖಾನೆಗೆ ನಮ್ಮ ಸುತ್ತಿನ ಊರುಗಳಿಂದಲೂ ಜನ ಹೋಗುತ್ತಿದ್ದರು. ಅದು ಮುಚ್ಚಿಹೋಗಿ ಬಹಳ ವರ್ಷಗಳಾದವು. ಅಂದು ತುಂಗಭದ್ರೆಯ ದಂಡೆಗೆ ಹೋಗುತ್ತಿದ್ದವರ ಮಕ್ಕಳು ಇಂದು ಬಿಡದಿಗೆ ಹೋಗುತ್ತಾರೆ.

ನಾನು ಬೆಂಗಳೂರಿಗೆ ಹೋದ ಎರಡನೆಯ ದಿನ ಮಗನು, “ಅಪ್ಪಾ, ನಮ್ಮ ಸಾಹೇಬರು ನಿಮ್ಮನ್ನ ನೋಡಬೇಕಂತಾರ. ಮುಂದಿನ ತಿಂಗಳ ಅವರು ತಮ್ಮ ದೇಶಕ್ಕ ಹೊಳ್ಳಿ ಹೊಂಟಾರ. ಸಂಜೀಕ ಹೋಗಿ ಬರೂಣ” ಎಂದನು. ಸಾಹೇಬರೆಂದರೆ ಅವನಿಗೆ ಕೆಲಸ ಕಲಿಸಿದ ಜಪಾನೀ ಗೃಹಸ್ಥರು. ಹೊರಟೆವು. ಆ ಹಲಗೆ ತೂಗಿದ್ದ ಬಾಗಿಲಿಗೆ ಬಂದ ಮೇಲೆ ಮಗನು ತಡೆದು ನಿಂತನು.

“ಅಪ್ಪಾ, ಒಳಗ ಹೋಗೂಕಿಂತ ಮೊದಲ ಒಂದ ಮಾತ ಹೇಳಬೇಕು. ಸಾಹೇಬರು ಇಲ್ಲೆ ಕುಡೀತಾರ. ಅವರ ಜೋಡಿ ನಾನೂ ಸ್ವಲ್ಪ ತೊಗೊಂತೇನಿ. ಮುಚ್ಚಿಟ್ಟು ನಿಮ್ಮನ್ನ ಒಳಗ ಕರಕೊಂಡು ಹೋಗಾಕ ಮನಸ್ಸ ಒಪ್ಪಲಿಲ್ಲ. ನೀವು ಬ್ಯಾಡ ಅಂದ್ರ ಹೊಳ್ಳಿ ಹೋಗೂಣ.”

ಅವನಿಗೆ ಈಗ ಮೂವತ್ತೈದು ವರ್ಷ. ಆದರೂ ಆ ಹೊತ್ತಿಗೆ ಗಣಿತದಲ್ಲಿ ನಪಾಸಾದ ಚೀಟಿಯನ್ನು ಹಿಡಿದು ನಿಂತಿದ್ದ ಹುಡುಗನಂತೆಯೇ ನಿಂತಿದ್ದನು. ನನ್ನ ಬಾಯಿಗೆ ಏನು ಬರುತ್ತಿತ್ತೋ ಗೊತ್ತಿಲ್ಲ. ಅಷ್ಟರಲ್ಲಿ ಒಳಗಿನಿಂದ ಆ ಗೃಹಸ್ಥರು ನಮ್ಮನ್ನು ಕಂಡು, ಬಾಗಿಲಿಗೆ ಇಳಿಬಿಟ್ಟ ನೀಲಿಯ ಅರೆಪರದೆಯನ್ನು ಸರಿಸಿ ಹೊರಗೆ ಬಂದು, ಸೊಂಟ ಬಾಗಿಸಿ ನಮಸ್ಕರಿಸಿ, “ಬನ್ನಿ, ಬನ್ನಿ” ಎಂದು ಕನ್ನಡದಲ್ಲಿಯೇ ಕರೆದರು. ಕನ್ನಡದಲ್ಲಿ ಕರೆದವರನ್ನು ಬಿಟ್ಟು ತಿರುಗುವದು ನಮ್ಮ ಕಡೆಯ ರೀತಿಯಲ್ಲ. ಒಳಗೆ ಹೋದೆನು. ನೇಮದ ಎರಡನೆಯ ಎಳೆಯು ಹೊಸ್ತಿಲಲ್ಲಿಯೇ ಹರಿಯಿತು.

ಇಂಥ ಅಂಗಡಿಗೆ ಜಪಾನಿನಲ್ಲಿ ‘ಇಜಾಕಾಯಾ’ ಎನ್ನುತ್ತಾರೆ. ‘ಕೂತು ಕುಡಿಯುವ ಅಂಗಡಿ’ ಎಂದು ಅದರ ಅರ್ಥ. ಟೋಕಿಯೋ ನಗರಕ್ಕೆ ಎದೊ ಎಂದು ಹೆಸರಿದ್ದ ಕಾಲದಲ್ಲಿ ಮದ್ಯ ಮಾರುವ ಅಂಗಡಿಗಳಲ್ಲಿ ಕೊಂಡವರಿಗೆ ಅಲ್ಲಿಯೇ ಕೂಡ್ರಲಿಕ್ಕೆ ಎಡೆಗೊಟ್ಟು, ಬಾಯಿಗೆ ಏನಾದರೂ ಕೊಡಲಾರಂಭಿಸಿದ್ದರಿಂದ ಇವು ಹುಟ್ಟಿದವಂತೆ. ಕೂಡ್ರುವದಕ್ಕೆ ಅಷ್ಟೊಂದು ಬೆಲೆಯಿದೆಯೆಂಬದು ನನಗೆ ಆಗ ಹೊಳೆಯಲಿಲ್ಲ.

ಮೊದಲು ಕೈ ಒರೆಸಿಕೊಳ್ಳಲು ಬಿಸಿನೀರಿನಲ್ಲಿ ಹಿಂಡಿದ ಅರಿವೆ ಬಂದಿತು. ಬಳಿಕ ನಾವು ಕೇಳದೆಯೇ ಮೂರು ಬಟ್ಟಲುಗಳಲ್ಲಿ ಮೂಲಂಗಿ, ಸೌತೆಗಳ ಉಪ್ಪಿನಕಾಯಿಯನ್ನು ಇಟ್ಟರು. ಅದರ ಬೆನ್ನಿಗೆ ‘ಎದಮಾಮೆ’ ಬಂದಿತು: ಸೋಯಾ ಅವರೆಯ ಎಳೆಯ ಕಾಯಿಗಳನ್ನು ಸಿಪ್ಪೆಸಹಿತ ಉಪ್ಪುನೀರಲ್ಲಿ ಬೇಯಿಸಿದ್ದು. ಕಾಯಿಯನ್ನು ತುಟಿಗಳ ನಡುವೆ ಇಟ್ಟು ಒತ್ತಿದರೆ ಕಾಳು ತಾನೇ ಬಾಯಿಗೆ ಜಿಗಿಯುತ್ತದೆ. ನಮ್ಮ ಹೊಲದ ಸುಲಗಾಯಿಯನ್ನು ಸುಟ್ಟು ತಿಂದವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಿಪ್ಪೆಯ ಗುಡ್ಡೆಯು ನನ್ನ ಮುಂದೆಯೇ ದೊಡ್ಡದಾಯಿತು.

ಮೂರನೆಯ ತಾಟಿನಲ್ಲಿ ಹುರಿದ ‘ತೋಫು’ ಬರಬೇಕಾಗಿತ್ತು. ಸೋಯಾ ಹಾಲನ್ನು ಒಡೆಸಿ ಕಟ್ಟಿದ ಗಿಣ್ಣದಂಥ ಪದಾರ್ಥವದು. ನಾವು ಮಾಂಸ ಮೀನು ಮುಟ್ಟದವರೆಂದು ಮಗನು ಹೇಳಿದ ಕೂಡಲೆ, ಮಣಿಪುರದ ಕಡೆಯವಳಾದ ಬಡಿಸುವ ಹುಡುಗಿಯು ಬರೆದುಕೊಳ್ಳುತ್ತಿದ್ದ ಕೈಯನ್ನು ನಿಲ್ಲಿಸಿದಳು. ತೋಫುವಿನ ಸಾರಿನಲ್ಲಿ ಒಣಗಿಸಿ ಹೆರೆದ ಮೀನಿನ ರಸವಿರುವದಾಗಿಯೂ, ಬೇಕಾದರೆ ಕಡಲಪಾಚಿಯಿಂದಲೇ ಕಾಯಿಸಿದ ಸಾರನ್ನು ಹಾಕಿ ಕೊಡುವದಾಗಿಯೂ ತಿಳಿಸಿದಳು. ಕಣ್ಣಿಗೆ ಕಾಣದ ಮೀನನ್ನು ಕೂಡ ಮುಚ್ಚಿಡದೆ ಹೇಳಿದ ಆ ಹುಡುಗಿಯ ಪ್ರಾಮಾಣಿಕತನವನ್ನು ಕಂಡು, ಬಾಗಿಲಲ್ಲಿ ನಿಂತು ಹೇಳಿದ ಮಗನ ಮಾತು ನನಗೆ ಮತ್ತೊಮ್ಮೆ ಕೇಳಿಸಿತು.

ಬಳಿಕ ಬದನೆಕಾಯಿ. ಅದನ್ನು ಸೀಳಿ ಸುಟ್ಟು, ಮೇಲೆ ‘ಮಿಸೊ’ ಎಂಬ ಹಿಂಡಿಯನ್ನು ಸವರಿದ್ದರು. ಸೋಯಾ ಕಾಳನ್ನು ಉಪ್ಪಿನೊಡನೆ ತಿಂಗಳುಗಟ್ಟಲೆ ಹುದುಗಿಸಿಟ್ಟು ಮಾಡಿದ್ದು. ಸಿಹಿ, ಉಪ್ಪು ಎರಡೂ ಕೂಡಿದ ಗಂಭೀರ ರುಚಿ. ನಮ್ಮ ಎಣ್ಣೆಗಾಯಿಯ ಎದುರಿಗೆ ಕೂಡ್ರಿಸಿದರೆ ಸೋಲುವದಿಲ್ಲ, ಗೆಲ್ಲುವದೂ ಇಲ್ಲ. ಕೊನೆಗೆ ‘ತೆಂಪುರಾ’ ಬಂದಿತು. ನೋಡುತ್ತಲೇ ನನಗೆ ನಗೆ ಬಂದಿತು. ಹಿಟ್ಟಿನಲ್ಲಿ ಅದ್ದಿ ಕರಿದ ಕಾಯಿಪಲ್ಯ. ಅದರಲ್ಲಿ ಒಂದು ಹಸಿರು ಮೆಣಸಿನಕಾಯಿ! ಹದಿನಾರನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಪೋರ್ತುಗೀಜರಿಂದ ಜಪಾನೀಯರು ಹೀಗೆ ಕರಿಯುವದನ್ನು ಕಲಿತರಂತೆ. ನಮಗೆ ಮೆಣಸಿನಕಾಯಿಯನ್ನು ತಂದುಕೊಟ್ಟವರೂ ಅದೇ ಪೋರ್ತುಗೀಜರು. ಒಂದೇ ಹಡಗಿನವರು ಒಂದು ಕಡೆಗೆ ಭಜಿಯನ್ನೂ ಇನ್ನೊಂದು ಕಡೆಗೆ ಮಿರ್ಚಿಯನ್ನೂ ಇಳಿಸಿಹೋದಂತಾಯಿತು.

ಈ ತಾಟುಗಳ ಒಂದು ಗುಣವನ್ನು ಹೇಳಲೇಬೇಕು. ಒಂದೊಂದರಲ್ಲಿ ಇರುವದು ಎರಡು ಮೂರು ತುತ್ತು ಮಾತ್ರ. ಎಲ್ಲವೂ ಒಮ್ಮೆಲೆ ಬರುವದಿಲ್ಲ. ಒಂದು ಮುಗಿದು, ಮಾತು ನಡೆದು, ಮಾತು ಮುಗಿಯುವ ಹೊತ್ತಿಗೆ ಇನ್ನೊಂದು ಬರುತ್ತದೆ. ನಡುವೆ ಮೂವರೂ ಒಂದೇ ತಾಟಿಗೆ ಕೈಯಿಕ್ಕುವದರಿಂದ ಕೊನೆಯ ತುತ್ತು ಹಾಗೆಯೇ ಉಳಿಯುತ್ತದೆ. ನೀವು ತೆಗೆದುಕೊಳ್ಳಿರೆಂದು ಒಬ್ಬರಿಗೊಬ್ಬರು ಹೇಳುತ್ತಿರುತ್ತಾರೆ. ನಮ್ಮ ಹೆದ್ದಾರಿಯ ಭಜಿಯ ಪ್ಲೇಟಿನಲ್ಲಿಯೂ ಕೊನೆಯ ಭಜಿಯ ಗತಿ ಇದೇ.

ತಾಟುಗಳ ನಡುವೆ ಬಿದಿರಿನ ಒಂದು ಚಿಕ್ಕ ಭರಣಿಯಿತ್ತು. ಅದನ್ನು ತೆರೆದು ಮೂಸಿದೆನು. ಮೂವತ್ತು ವರ್ಷ ಮೆಣಸಿನಕಾಯಿಯ ಚೀಲಗಳ ನಡುವೆ ಕಳೆದ ಮೂಗು, ಒಡನೆಯೇ ಎಚ್ಚತ್ತಿತು. ಕೆಂಪು ಖಾರವಿತ್ತು, ಆದರೆ ಅದರೊಡನೆ ಎಳ್ಳು, ಕಿತ್ತಳೆಯ ಸಿಪ್ಪೆ, ಗಸಗಸೆ ಮೊದಲಾದವೂ ಇದ್ದವು. ಅದರ ಹೆಸರು ‘ಶಿಚಿಮಿ ತೋಗರಾಶಿ’. ಏಳು ರುಚಿಗಳ ಖಾರಪುಡಿಯೆಂದು ಅರ್ಥ. ೧೬೨೫ರಲ್ಲಿ ಎದೊ ಪಟ್ಟಣದ ಯಾಗೆನ್‌ಬೊರಿ ಎಂಬ ಔಷಧ ಮಾರುವವರ ಕೇರಿಯಲ್ಲಿ ಇದು ಮೊದಲಾಯಿತೆಂದು ಸಾಹೇಬರು ಹೇಳಿದರು. ಅದರಲ್ಲಿ ನಾಲಗೆಯನ್ನು ಜುಮ್ಮೆನ್ನಿಸುವ ಒಂದು ಕಾಯಿಯೂ ಉಂಟು. ನಮ್ಮ ಕರಾವಳಿಯವರು ಸಾರಿಗೆ ಹಾಕುವ ತೆಪ್ಪಲದ ಕುಲದ್ದು. ನಾನು ಮಗನಿಗಾಗಿ ತಂದಿದ್ದ ಬ್ಯಾಡಗಿಯ ಡಬ್ಬಿ ಮೆಣಸಿನಕಾಯಿಯ ಗಂಟಿನಿಂದ ಒಂದು ಹಿಡಿಯನ್ನು ಕಾಗದದಲ್ಲಿ ಕಟ್ಟಿ ಸಾಹೇಬರಿಗೆಂದು ಒಯ್ದಿದ್ದೆ, ಅದನ್ನು ಕೊಟ್ಟೆನು. ಅವರು ಎರಡೂ ಕೈಗಳಿಂದ ತೆಗೆದುಕೊಂಡು, ಒಂದನ್ನು ಮುರಿದು ಬೆರಳಿಗೆ 
ತಿಕ್ಕಿ, ಬಣ್ಣವನ್ನು ದೀಪಕ್ಕೆ ಹಿಡಿದು ನೋಡಿದರು. ಇದಕ್ಕೆ ಖಾರ ಕಡಿಮೆ, ಬಣ್ಣ ಹೆಚ್ಚು; ಮೈಯೆಲ್ಲ ನೆರಿಗೆ; ಇದರಿಂದ ತೆಗೆದ ಬಣ್ಣವು ಸಮುದ್ರ ದಾಟಿ ಹೋಗುತ್ತದೆ; ೨೦೧೧ರಲ್ಲಿ ಭೌಗೋಳಿಕ ಗುರುತನ್ನೂ ಪಡೆಯಿತು ಎಂದು ನಾನು ಹೇಳಿದ್ದನ್ನೆಲ್ಲ ಮಗನು ತಿಳಿಯಪಡಿಸಿದನು.

ಆಗ ಒಂದು ಸ್ವಾರಸ್ಯವಾದ ಸಂಗತಿ ಹೊರಟಿತು. ‘ತೋಗರಾಶಿ’ ಎಂದರೆ ಅವರ ಮಾತಿನಲ್ಲಿ ‘ಚೀನದ ಸಾಸಿವೆ’ ಎಂದಾಗುತ್ತದಂತೆ. ಕಾಯಿಯು ಹುಟ್ಟಿದ್ದು ಅಮೇರಿಕೆಯಲ್ಲಿ. ಚೀನದ್ದೂ ಅಲ್ಲ, ಸಾಸಿವೆಯೂ ಅಲ್ಲ. ಅವರಿಗೆ ಮೊದಲಿನಿಂದ ಗೊತ್ತಿದ್ದ ಖಾರವು ಸಾಸಿವೆಯದು, ಆದ್ದರಿಂದ ಹಾಗೆ ಕರೆದರು. ನಮಗೆ ಗೊತ್ತಿದ್ದದ್ದು ಕರಿಮೆಣಸು; ನಾವು ‘ಮೆಣಸಿನ ಕಾಯಿ’ ಎಂದೆವು. ಹೊಸದು ಬಂದಾಗ ಮನುಷ್ಯನು ಹಳೆಯ ಹೆಸರನ್ನೇ ಅದರ ಮೇಲೆ ಹೊದಿಸುತ್ತಾನೆ. ನಾನು ಕೂಡ ಆ ಸಂಜೆ ಮೇಜಿನ ಮೇಲಿದ್ದ ಮಣ್ಣಿನ ಗಿಂಡಿಗೆ ಒಂದೇ ಒಂದು ಹಳೆಯ ಹೆಸರನ್ನು ಹೊದಿಸಿ ಕೂತಿದ್ದೆನು: ಸೆರೆ.

ಆ ಗಿಂಡಿಯ ಮಾತನ್ನು ಇನ್ನು ಮುಂದಕ್ಕೆ ಹಾಕಲಾಗದು. ಜಪಾನೀಯರು ಅದನ್ನು ‘ಸಕೆ’ ಎಂದು ಹ್ರಸ್ವವಾಗಿಯೇ ಉಚ್ಚರಿಸುತ್ತಾರೆ. ಮಗನು ‘ಸಾಕೆ’ ಎನ್ನುತ್ತಾನೆ. ನನ್ನ ಕಿವಿಗೆ ಅದು ಪಂಕ್ತಿಯಲ್ಲಿ ಬಡಿಸುವವರು ಬಂದು ಕೇಳುವ ‘ಸಾಕೆ?’ ಎಂಬ ಪ್ರಶ್ನೆಯಂತೆಯೇ ಕೇಳಿತು. ಅದನ್ನು ಮಾಡುವ ರೀತಿಯನ್ನು ಸಾಹೇಬರು ಕಾರಖಾನೆಯ ಕೆಲಸವನ್ನು ವಿವರಿಸುವಂತೆ ವಿವರಿಸಿದರು. ಅಕ್ಕಿಯನ್ನು ಉಜ್ಜಿ ಉಜ್ಜಿ ಸಣ್ಣದು ಮಾಡುತ್ತಾರೆ. ಮೇಲ್ತರಗತಿಯದಕ್ಕೆ ನೂರಕ್ಕೆ ನಲವತ್ತು ಪಾಲನ್ನಾದರೂ ಉಜ್ಜಿ ತೆಗೆಯಬೇಕು. ಆಮೇಲೆ ತೊಳೆದು, ನೆನೆಸಿ, ಹಬೆಯಲ್ಲಿ ಬೇಯಿಸಿ, ಅದರ ಒಂದು ಭಾಗದ ಮೇಲೆ ‘ಕೋಜಿ’ ಎಂಬ ಬೂಷ್ಟನ್ನು ಬಿತ್ತುತ್ತಾರೆ. ಮಿಸೊವಿಗೂ ಇದೇ ಬೂಷ್ಟು. ಇದು ಅಕ್ಕಿಯ ಹಿಟ್ಟನ್ನು ಸಕ್ಕರೆಯಾಗಿ ಮಾಡುತ್ತಿರುವಾಗಲೇ, ಅದೇ ಹರವಿಯಲ್ಲಿ, ಹುದುಗು ಆ ಸಕ್ಕರೆಯನ್ನು ಮದ್ಯವಾಗಿ ಮಾಡುತ್ತಿರುತ್ತದೆ. ಎರಡು ಕೆಲಸಗಳು ಏಕಕಾಲಕ್ಕೆ ನಡೆಯುವದೇ ಇದರ ವಿಶೇಷ. ಕುಡಿಯಲು ಬಡಿಸುವಾಗ ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ ಹದಿನೈದರಷ್ಟು ಮದ್ಯಸಾರವಿರುತ್ತದೆ. ೨೦೨೪ರ ಡಿಸೆಂಬರದಲ್ಲಿ ಈ ವಿದ್ಯೆಯನ್ನು ಯುನೆಸ್ಕೊ ಸಂಸ್ಥೆಯವರು ಮಾನವಕುಲದ ಪರಂಪರೆಯ ಯಾದಿಯಲ್ಲಿ ಸೇರಿಸಿದರಂತೆ.

ಗಿಂಡಿಯಲ್ಲಿ ಹಿಡಿಯುವದು ‘ಗೋ’ ಎಂಬ ಅವರ ಹಳೆಯ ಅಳತೆಗೆ ಒಂದು, ಅಂದರೆ ಸುಮಾರು ೧೮೦ ಮಿಲಿಲೀಟರು. ಇದನ್ನು ಕೇಳಿ ನನ್ನ ಮೈ ಝಲ್ಲೆಂದಿತು. ನಮ್ಮ ಹೆದ್ದಾರಿಯ ಅಂಗಡಿಗಳಲ್ಲಿ ಮಾರುವ ‘ಕ್ವಾರ್ಟರ್’ ಬಾಟಲಿಯ ಅಳತೆಯೂ ಇಷ್ಟೇ. ಅಳತೆ ಒಂದೇ, ಕಡುಪು ಸುಮಾರು ಮೂರು ಪಟ್ಟು. ಅದನ್ನು ನಮ್ಮವರು ಗೋಡೆಗೆ ಮುಖಮಾಡಿ ನಿಂತು ಕ್ಷಣಾರ್ಧದಲ್ಲಿ ಮುಗಿಸುತ್ತಾರೆ. ಇಲ್ಲಿ ಅದೇ ಅಳತೆಯನ್ನು ಉಗುರುಬೆಚ್ಚಗೆ ಮಾಡಿ, ಎರಡು ಗುಟುಕಿನ ಬಟ್ಟಲುಗಳಲ್ಲಿ ಹಾಕಿಕೊಂಡು, ಇಬ್ಬರು ಮುಕ್ಕಾಲು ತಾಸು ಕೂತಿದ್ದರು. ಅಲ್ಲಿಯೂ ಕುಡಿದು ದಾರಿಯಲ್ಲಿ ಬೀಳುವವರಿದ್ದಾರೆಂದು ಮಗನು ಮುಚ್ಚದೆ ಹೇಳಿದನು. ಬಟ್ಟಲು ಸಣ್ಣದಾದ ಮಾತ್ರಕ್ಕೆ ಮನುಷ್ಯನು ದೊಡ್ಡವನಾಗುವದಿಲ್ಲ.

ಆದರೆ ಅವರಲ್ಲಿ ಒಂದು ನೇಮವುಂಟು. ತನ್ನ ಬಟ್ಟಲಿಗೆ ತಾನೇ ಹಾಕಿಕೊಳ್ಳಬಾರದು. ಎದುರಿನವನ ಬಟ್ಟಲು ಬರಿದಾಗಿದೆಯೋ ಎಂದು ನೋಡುತ್ತಿದ್ದು ಅವನಿಗೆ ನೀನು ಹಾಕಬೇಕು; ನಿನಗೆ ಅವನು ಹಾಕಬೇಕು. ನನಗೆಂದು ತರಿಸಿದ್ದು ಹುರಿದ ಎಲೆಯ ಚಹಾ. ಅದನ್ನು ಕೂಡ ಸಾಹೇಬರು ನನ್ನಿಂದ ಹಾಕಿಸದೆ ತಾವೇ ಹಾಕಿದರು. ಅವರ ಬಟ್ಟಲು ಬರಿದಾದಾಗ ಉಪಚಾರಕ್ಕಾದರೂ ನಾನು ಗಿಂಡಿಯನ್ನು ಎತ್ತಬೇಕಾಗಿತ್ತು. ಮಗನು ನನ್ನ ಮುಖವನ್ನು ನೋಡಿ, ನನ್ನ ಕೈ ಏಳುವದಕ್ಕಿಂತ ಮೊದಲೇ ತಾನು ಗಿಂಡಿಯನ್ನು ಎತ್ತಿದನು. ಒಮ್ಮೆಯಲ್ಲ, ನಾಲ್ಕು ಸಲ. ಅವನು ನನ್ನ ತಂದೆಯ ನೇಮವನ್ನು ನನ್ನ ಪರವಾಗಿ ಕಾಯುತ್ತಿದ್ದನು.

ಆರೂವರೆಯ ಹೊತ್ತಿಗೆ ಸಾಹೇಬರಿಗೆ ಅವರ ಮನೆಯಿಂದ ಫೋನು ಬಂದಿತು. ಕ್ಷಮೆ ಕೇಳಿ ಹೊರಗೆ ಹೋದರು. ಮೇಜಿಗೆ ನಾವಿಬ್ಬರೇ ಉಳಿದೆವು. ಮಗನ ಬಟ್ಟಲು ಬರಿದಾಗಿತ್ತು. ಗಿಂಡಿಯು ಅವನ ಕೈಗೆ ಹತ್ತಿರದಲ್ಲಿಯೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ. ಬರಿದಾದ ಬಟ್ಟಲನ್ನು ನಾನು ನೋಡಬಾರದೆಂದೋ ಏನೋ, ಅದನ್ನು ಮೆಲ್ಲಗೆ ತಾಟಿನ ಮರೆಗೆ ಸರಿಸಿದನು. ಮನೆಯ ಹಂಚು, ತಾಯಿಯ ಮೊಣಕಾಲು ಎಂದು ಬೇರೆ ಮಾತು ತೆಗೆದನು.

ತಾಟಿನ ಮರೆಗೆ ಸರಿದ ಆ ಬಟ್ಟಲನ್ನು ಕಂಡಾಗ ನನಗೆ ದನ ಕಟ್ಟುವ ಕಡೆಗೆ ಸರಿದ ಇನ್ನೊಂದು ತಾಟು ಕಣ್ಣಿಗೆ ಕಟ್ಟಿತು. ಅದನ್ನು ಇಟ್ಟು ತಿರುಗುತ್ತಿದ್ದ ನನ್ನ ಬೆನ್ನನ್ನು ನಾನು ಎಂದೂ ನೋಡಿರಲಿಲ್ಲ. ಆ ದಿನ ನೋಡಿದಂತಾಯಿತು. ಪಂಕ್ತಿಯಲ್ಲಿ ಬಡಿಸುವವರು ‘ಸಾಕೆ?’ ಎಂದು ಕೇಳುತ್ತಾರೆ, ಉಣ್ಣುವವರು ‘ಸಾಕು’ ಎಂದು ಕೈ ಅಡ್ಡ ಹಿಡಿಯುತ್ತಾರೆ. ಸಾಕು ಎಂಬ ಮಾತಿಗೆ ಇಬ್ಬರು ಬೇಕು. ಒಬ್ಬನೇ ಕೂತವನು ಯಾರಿಗೆ ಸಾಕೆನ್ನಬೇಕು? ನಮ್ಮ ಕಾಕಾನನ್ನು ಸಾಕೆ ಎಂದು ಕೇಳುವವರೇ ಆ ಮನೆಯಲ್ಲಿ ಉಳಿದಿರಲಿಲ್ಲ. ನಾವು ಕೂತಿದ್ದರೆ ಅವರು ಬಿಡುತ್ತಿದ್ದರೆಂದು ನಾನು ಹೇಳಲಾರೆ. ಬಹುಶಃ ಬಿಡುತ್ತಿರಲಿಲ್ಲ. ಆದರೆ ಅವರು ಹೋದದ್ದು ನಮಗೆ ಬೆಳಿಗ್ಗೆ ತಿಳಿಯುತ್ತಿರಲಿಲ್ಲ, ರಾತ್ರಿಯೇ ತಿಳಿಯುತ್ತಿತ್ತು.

ನಾನು ಗಿಂಡಿಯನ್ನು ಎತ್ತಿದೆನು. ಆಗ ತಾನೇ ಹಿಂಡಿದ ಹಾಲಿನ ತಂಬಿಗೆಯಷ್ಟು ಬೆಚ್ಚಗಿತ್ತು. ಮಗನು ಮಾತು ನಿಲ್ಲಿಸಿದನು.

“ಅಪ್ಪಾ, ಬ್ಯಾಡ ಬಿಡ್ರಿ” ಎಂದನು.

“ಬಟ್ಟಲ ಹಿಡಿ, ತಮ್ಮಾ” ಎಂದೆನು.

ಅವನು ಎರಡೂ ಕೈಗಳಿಂದ ಬಟ್ಟಲನ್ನು ಹಿಡಿದನು. ನನ್ನ ಕೈ ನಡುಗಿ ಒಂದಿಷ್ಟು ಮೇಜಿನ ಮೇಲೆ ಚೆಲ್ಲಿತು. ಅರ್ಧ ತುಂಬುವದರೊಳಗಾಗಿ ಅವನು, “ಸಾಕು, ಅಪ್ಪಾ” ಎಂದನು. ನಾನು ನಿಲ್ಲಿಸಿದೆನು. ಅವನು ಅದನ್ನು ಕುಡಿದು, ಬಟ್ಟಲನ್ನು ಬೋರಲು ಹಾಕಿ ಬದಿಗಿಟ್ಟನು. ಸಾಹೇಬರು ಬಂದ ಮೇಲೂ ಮತ್ತೆ ಅದನ್ನು ಎತ್ತಲಿಲ್ಲ. ನನ್ನ ಚಹಾ ಮುಗಿದದ್ದನ್ನು ಕಂಡು ಅದನ್ನು ತುಂಬಿದನು. ಏಳು ಹೊಡೆದ ಕೂಡಲೆ ಹುಡುಗಿಯು ಹೋಗಿ ಬಾಗಿಲ ಹಲಗೆಯನ್ನು ತಿರುವಿ ಹಾಕಿದಳು. ಸುಖದ ತಾಸು ಮುಗಿದಿತ್ತು.

ನಾನು ರಾತ್ರಿಯ ರೈಲಿಗೆ ಹೊರಟು ಮರುದಿನ ನಸುಕಿನಲ್ಲಿ ಹಾವೇರಿಯಲ್ಲಿ ಇಳಿದೆನು. ಹಾವೇರಿಯ ನಿಲ್ದಾಣಕ್ಕೆ ಈಗ ಮಹಾದೇವಪ್ಪ ಮೈಲಾರ ಅವರ ಹೆಸರಿದೆ. ಆ ಹೆಸರಿನ ಕೆಳಗೆ ಚೀಲವನ್ನು ಇಟ್ಟುಕೊಂಡು ನಿಂತು ಲೆಕ್ಕ ಹಾಕಿದೆನು. ಮೂರು ಎಳೆಗಳಲ್ಲಿ ಒಂದು ಉಳಿದಿತ್ತು, ಎರಡು ಹರಿದಿದ್ದವು. ಖಾತೆಯಲ್ಲಿ ತಪ್ಪನ್ನು ಕೆರೆದು ತಿದ್ದಬಾರದೆಂದು ದಲಾಲಿ ಅಂಗಡಿಯಲ್ಲಿ ಕಲಿತವನು ನಾನು. ಆದ್ದರಿಂದ ಇದ್ದದ್ದನ್ನು ಇದ್ದಂತೆಯೇ ಬರೆದಿದ್ದೇನೆ. ಸಾಕೆ ಎಂಬ ಹೆಸರು ಚೆಲುವಾದುದರಿಂದ ಮದ್ಯವು ಚೆಲುವಾಗುವದಿಲ್ಲ. ಬ್ಯಾಡಗಿಯ ಪೇಟೆಯಲ್ಲಿ ದಿನವೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಉರಿಯುವ ಬೆರಳುಗಳಿಂದ ಕೂಲಿ ಎಣಿಸುವ ಹೆಣ್ಣುಮಕ್ಕಳ ಮನೆಗಳಲ್ಲಿ ಆ ಕೂಲಿಯು ಇಂದಿಗೂ ಎಲ್ಲಿಗೆ ಹೋಗುತ್ತದೆಂಬದನ್ನು ನಾನು ಬಲ್ಲೆನು. ಅವರ ಮುಂದೆ ನಿಂತು ಈ ಗಿಂಡಿಯ ಕತೆಯನ್ನು ಹೇಳುವ ಧೈರ್ಯ ನನಗಿಲ್ಲ. ತಂದೆಯವರ ನೇಮವು ಅಂಥ ಮನೆಗಳಿಗಾಗಿ ಹುಟ್ಟಿದ್ದು, ಅದು ದೊಡ್ಡದು. ಆದರೆ ನೇಮವು ಸೆರೆಯನ್ನು ಹೊರಗೆ ಹಾಕಬೇಕಾಗಿತ್ತು. ನಾವು ಮನುಷ್ಯನನ್ನು ಹೊರಗೆ ಹಾಕಿದೆವು.

ಮನೆಗೆ ಬಂದ ಮೇಲೆ ಮನೆಯವಳು ಕೇಳಿದ ಮೊದಲ ಪ್ರಶ್ನೆಯು ಎಲ್ಲ ತಾಯಂದಿರದೇ: “ಹುಡುಗ ಛಲೋತಂಗ ಉಣ್ತಾನೇನ್ರಿ?”

“ಉಣ್ತಾನ” ಎಂದೆನು. “ಸಾಕು ಅನ್ನಾಕೂ ಬರತೈತಿ ಅವಂಗ.”

ಅವಳಿಗೆ ಅದು ಅರ್ಥವಾಗಲಿಲ್ಲ. ಸಂಜೆಗೆ ಗಿರಮಿಟ್ಟಿನ ಮುಂದೆ ಕೂಡ್ರಿಸಿಕೊಂಡು ಎಲ್ಲವನ್ನೂ ಹೇಳಿದೆನು. ಬಹಳ ಹೊತ್ತು ಸುಮ್ಮನಿದ್ದು ಒಳಗೆ ಹೋದಳು. ಈ ಸಲದ ಹಿರಿಯರ ಹಬ್ಬಕ್ಕೆ ಕಾಕಾನ ಹೆಸರಿನ ಎಡೆಯನ್ನು ಅವಳೇ ತಂದು ಅಡಿಗೆಮನೆಯಲ್ಲಿ, ತಂದೆಯವರ ಎಡೆಯ ಮಗ್ಗುಲಿಗೆ ಇಟ್ಟಳು. ನಾನು ಅದರ ಪಕ್ಕದಲ್ಲಿಯೇ ಕೂತು ಉಂಡೆನು.